ಕಪ್ಪುಜನರ ಇತಿಹಾಸ ಓದುತ್ತಾ ನಮ್ಮ ಗುಣ ನೋಡಿಕೊಳ್ಳುವುದು ಹೇಗೆ

ಫೆಬ್ರುವರಿ ಬಂತೆಂದರೆ ಅಮೆರಿಕದಲ್ಲಿ ಕಪ್ಪುಜನರ ಇತಿಹಾಸದ ತಿಂಗಳು. ಇದನ್ನು ಶುರು ಮಾಡಿದವರು ಕಾರ್ಟರ್ ವುಡ್‌ಸನ್ ಎಂಬ ಇತಿಹಾಸಕಾರರು. 1926ರಲ್ಲಿ ಅದು ಬರೀ ಒಂದು ವಾರದ ಆಚರಣೆ. 1976ರಿಂದ ಇಡೀ ತಿಂಗಳಾಯಿತು. ವುಡ್‌ಸನ್ ಅವರ ತಂದೆ-ತಾಯಿ ಗುಲಾಮರಾಗಿದ್ದವರು. ಮಗ ಕಲ್ಲಿದ್ದಲು ಗಣಿಯಲ್ಲಿ ದುಡಿದು, ತಡವಾಗಿ ಹೈಸ್ಕೂಲ್ ಮುಗಿಸಿ, 1912ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್ ಪಡೆದರು. ಆದರೆ ನಮ್ಮ ಫೋನಿಗೆ ಬರುವುದು ಒಂದು ಕಪ್ಪು-ಬಿಳುಪು ಫೋಟೊ, ಅದರ ಕೆಳಗೆ ಒಂದು ಸಾಲು. ನೋಡುತ್ತೇವೆ, ಒಂದು ಹಾರ್ಟ್ ಒತ್ತುತ್ತೇವೆ, ಮುಂದೆ ಹೋಗುತ್ತೇವೆ.

1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಆಡಿದ ಮಾತು ಎಲ್ಲರಿಗೂ ಗೊತ್ತು. ತಮ್ಮ ನಾಲ್ಕು ಮಕ್ಕಳನ್ನು ಚರ್ಮದ ಬಣ್ಣದಿಂದಲ್ಲ, ಅವರ ಗುಣದಿಂದ ಅಳೆಯುವ ದಿನ ಬರಬೇಕು ಎಂದರು. ಆ ಗುಣ ಬರುವುದು ಎಲ್ಲಿಂದ? ಕಪ್ಪುಜನರ ಹಕ್ಕಿನ ಚಳವಳಿಯ ಕಾಗದಪತ್ರ ನೋಡಿದರೆ ಉತ್ತರ ಸಿಗುತ್ತದೆ. ಅವರು ಅದನ್ನು ಅಭ್ಯಾಸ ಮಾಡುತ್ತಿದ್ದರು. ಹಾಳೆಯಲ್ಲಿ ಬರೆದುಕೊಂಡು, ಕೋಣೆಯಲ್ಲಿ ಕೂತು, ಒಬ್ಬರನ್ನೊಬ್ಬರು ಬೈದುಕೊಂಡು ತಾಲೀಮು ಮಾಡುತ್ತಿದ್ದರು. ಹುಟ್ಟುಗುಣ, ದೊಡ್ಡ ಮನಸ್ಸು ಅನ್ನುವ ಮಾತು ಅಲ್ಲಿ ಕಡಿಮೆ. ಕುರ್ಚಿಯಲ್ಲಿ ಹೇಗೆ ಕೂರಬೇಕು ಅನ್ನುವ ಮಾತು ಜಾಸ್ತಿ.

ಈ ಮಾರ್ಗದರ್ಶಿಯೂ ಅದೇ ದಾರಿಯಲ್ಲಿದೆ. ಒಂದು ತಿಂಗಳು ಸಾಕು. ಒಂದು ನೋಟ್‌ಬುಕ್ ಬೇಕು, ನಿಮ್ಮ ಮುಖ ನೋಡಿ ಸತ್ಯ ಹೇಳುವ ಒಬ್ಬ ಗೆಳೆಯ ಅಥವಾ ಗೆಳತಿ ಬೇಕು. ದಿನಕ್ಕೆ ಇಪ್ಪತ್ತು ನಿಮಿಷ ತೆಗೆದಿಡಿ. ಫೆಬ್ರುವರಿಗೇ ಕಾಯಬೇಕಿಲ್ಲ.

ಹಂತ 1: ಒಬ್ಬ ವ್ಯಕ್ತಿ, ಒಂದೇ ದಿನ

ಇಡೀ ಜೀವನಚರಿತ್ರೆ ಹಿಡಿದುಕೊಂಡು ಕೂರಬೇಡಿ. ಇಡೀ ಜೀವನ ಓದಿದರೆ ಕೊನೆಗೆ ಕೈಗೆ ಸಿಗುವುದು ಒಂದು ಪ್ರತಿಮೆ. ಒಂದು ದಿನ ಹಿಡಿದುಕೊಂಡರೆ ಮನುಷ್ಯರು ಸಿಗುತ್ತಾರೆ.

ಕಿಂಗ್ ಅವರಿಂದ ಶುರು ಮಾಡಬೇಡಿ ಅಂತ ನನ್ನ ಸಲಹೆ. ಅವರ ಬಗ್ಗೆ ನಮ್ಮ ತಲೆಯಲ್ಲಿ ಆಗಲೇ ಬೇಕಾದಷ್ಟು ಕತೆ ತುಂಬಿದೆ. ಫ್ಯಾನಿ ಲೂ ಹೇಮರ್ ಅವರ 1962ರ ಆಗಸ್ಟ್ 31 ತೆಗೆದುಕೊಳ್ಳಿ. ಮಿಸಿಸಿಪ್ಪಿಯ ಹತ್ತಿ ತೋಟವೊಂದರಲ್ಲಿ ದುಡಿಯುತ್ತಿದ್ದ ಹೆಂಗಸು, ವಯಸ್ಸು 44. ಅವತ್ತು 18 ಜನ ಒಂದು ಹಳೇ ಬಸ್ಸಿನಲ್ಲಿ ಇಂಡಿಯನೋಲಾ ಎಂಬ ಊರಿಗೆ ಹೊರಟರು, ಮತದಾರರ ಪಟ್ಟಿಗೆ ಹೆಸರು ಸೇರಿಸಲು. ಅಲ್ಲಿ ಪರೀಕ್ಷೆ. ರಾಜ್ಯದ ಸಂವಿಧಾನದ ಒಂದು ಭಾಗ ಓದಿ ಅರ್ಥ ಬರೆಯಬೇಕು. ಹೇಮರ್ ಫೇಲಾದರು. ವಾಪಸ್ ಬರುವಾಗ ಪೊಲೀಸರು ಬಸ್ಸು ತಡೆದರು. ಬಸ್ಸಿನ ಹಳದಿ ಬಣ್ಣ ಸರಿಯಿಲ್ಲ ಅಂತ ಡ್ರೈವರ್‌ಗೆ ದಂಡ! ಒಳಗೆ ಕೂತವರು ಹೆದರಿದ್ದರು. ಹೇಮರ್ ಹಾಡಲು ಶುರು ಮಾಡಿದರು. ಮನೆ ಸೇರಿದ ಮೇಲೆ ತೋಟದ ಮಾಲೀಕ ಬಂದ. ಅರ್ಜಿ ವಾಪಸ್ ತಗೋ, ಇಲ್ಲಾಂದ್ರೆ ಜಾಗ ಖಾಲಿ ಮಾಡು ಎಂದ. ನಾನು ಹೋಗಿದ್ದು ನಿಮಗೋಸ್ಕರ ಅಲ್ಲ, ನನಗೋಸ್ಕರ ಎಂದು ಹೇಳಿ ಅದೇ ರಾತ್ರಿ ಅವರು ಮನೆ ಬಿಟ್ಟರು. 18 ವರ್ಷ ದುಡಿದ ಜಾಗ ಅದು. 1963ರ ಜನವರಿಯಲ್ಲಿ ಮತ್ತೆ ಹೋಗಿ ಪರೀಕ್ಷೆ ಪಾಸಾದರು.

ನೋಟ್‌ಬುಕ್ಕಿನ ಎಡಪುಟದಲ್ಲಿ ಈ ದಿನವನ್ನು ಗಂಟೆ ಗಂಟೆಗೂ ಬರೆಯಿರಿ. ಹಾಡಿದ್ದು ಯಾವಾಗ, ಸುಮ್ಮನಿದ್ದದ್ದು ಯಾವಾಗ, ಉತ್ತರ ಕೊಟ್ಟಿದ್ದು ಯಾವಾಗ. "ಧೈರ್ಯ", "ತ್ಯಾಗ" ಅನ್ನುವ ಪದ ಬಳಸಬೇಡಿ. ಮಾಡಿದ್ದನ್ನು ಮಾತ್ರ ಬರೆಯಿರಿ.

ಬಲಪುಟದಲ್ಲಿ ಆ ದಿನಕ್ಕೂ ಹಿಂದಿನ ಹತ್ತು ವರ್ಷ ಬರೆಯಿರಿ. ಇದು ಯಾಕೆ ಮುಖ್ಯ ಅನ್ನುವುದಕ್ಕೆ ರೋಸಾ ಪಾರ್ಕ್ಸ್ ಅವರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ನಾವು ಶಾಲೆಯಲ್ಲಿ ಕೇಳಿದ ಕತೆ ಹೇಗಿದೆ? ಒಬ್ಬ ವಯಸ್ಸಾದ ಹೊಲಿಗೆಯಾಕೆ, ಕೆಲಸ ಮಾಡಿ ಕಾಲು ನೋವು, ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಟ್ಟು ಎದ್ದೇಳಲ್ಲ ಅಂದಳು, ಚಳವಳಿ ಹುಟ್ಟಿತು. 1955ರ ಡಿಸೆಂಬರ್ 1ರಂದು ಪಾರ್ಕ್ಸ್ ಅವರಿಗೆ 42 ವರ್ಷ. ಕಪ್ಪುಜನರ ಹಕ್ಕಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಸ್ಥೆಯ ಮಾಂಟ್ಗೊಮರಿ (ಅಲಬಾಮಾ ರಾಜ್ಯದ ಊರು) ಶಾಖೆಗೆ 1943ರಲ್ಲೇ ಕಾರ್ಯದರ್ಶಿಯಾಗಿದ್ದವರು. ಅತ್ಯಾಚಾರಕ್ಕೆ ಒಳಗಾದ ಕಪ್ಪು ಹೆಂಗಸರ ಹೇಳಿಕೆ ಬರೆದುಕೊಳ್ಳಲು ಊರೂರಿಗೆ ಹೋಗುತ್ತಿದ್ದವರು. ಅದೇ ವರ್ಷದ ಬೇಸಿಗೆಯಲ್ಲಿ ಟೆನೆಸ್ಸಿಯ ಹೈಲ್ಯಾಂಡರ್ ಶಾಲೆಯಲ್ಲಿ ಹೋರಾಟಗಾರರ ಕಾರ್ಯಾಗಾರಕ್ಕೆ ಕೂತು ಬಂದಿದ್ದರು. ಅವತ್ತು ಬಸ್ ಓಡಿಸುತ್ತಿದ್ದ ಜೇಮ್ಸ್ ಬ್ಲೇಕ್ ಕೂಡ ಹೊಸಬನಲ್ಲ. 1943ರಲ್ಲಿ ಇದೇ ಡ್ರೈವರ್ ಅವರನ್ನು ಬಸ್ಸಿನಿಂದ ಇಳಿಸಿದ್ದ.

ಅಂದರೆ ಆ ಒಂದು ನಿಮಿಷದ ಹಿಂದೆ ಹನ್ನೆರಡು ವರ್ಷ ಇತ್ತು. ದಣಿದ ಅಜ್ಜಿಯ ಕತೆ ಕೇಳೋಕೆ ಚೆನ್ನಾಗಿದೆ, ನಮಗೂ ಅನುಕೂಲ. ಗುಣ ಅನ್ನುವುದು ಒಂದು ದಿನ ತಾನಾಗೇ ಉಕ್ಕಿ ಬರುತ್ತದೆ, ಅಲ್ಲಿಯವರೆಗೆ ನಾವೇನೂ ಮಾಡಬೇಕಿಲ್ಲ ಅಂತ ಅಂದುಕೊಳ್ಳಬಹುದು, ಅಲ್ವಾ?

ಇನ್ನೂ ಬೇಕಾದರೆ ಈ ದಿನಗಳನ್ನೂ ತೆಗೆದುಕೊಳ್ಳಬಹುದು. ಪಾರ್ಕ್ಸ್ ಅವರಿಗಿಂತ ಒಂಬತ್ತು ತಿಂಗಳು ಮೊದಲು, 1955ರ ಮಾರ್ಚ್ 2ರಂದು, ಅದೇ ಊರಿನ ಬಸ್ಸಿನಲ್ಲಿ ಏಳಲ್ಲ ಎಂದು ಬಂಧನಕ್ಕೊಳಗಾದ 15 ವರ್ಷದ ಹುಡುಗಿ ಕ್ಲಾಡೆಟ್ ಕಾಲ್ವಿನ್. ಪಾರ್ಕ್ಸ್ ಬಂಧನವಾದ ರಾತ್ರಿ ನಿದ್ದೆಗೆಟ್ಟು ಕಾಲೇಜಿನ ಯಂತ್ರದಲ್ಲಿ, ಬಸ್ಸು ಹತ್ತಬೇಡಿ ಎನ್ನುವ ಹತ್ತಾರು ಸಾವಿರ ಕರಪತ್ರ ಅಚ್ಚು ಹಾಕಿದ ಅಧ್ಯಾಪಕಿ ಜೋ ಆನ್ ರಾಬಿನ್ಸನ್. ಪಾರ್ಕ್ಸ್ ಅವರ ಕಾಗದಪತ್ರಗಳು ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಕಿಂಗ್ ಅವರ ಕಾಗದಗಳು ಬೇಕೆಂದರೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕಿಂಗ್ ಇನ್‌ಸ್ಟಿಟ್ಯೂಟ್ ನೋಡಿ. ಫಾರ್ವರ್ಡ್ ಮೆಸೇಜು ಬಿಟ್ಟು ಅಲ್ಲಿಗೆ ಹೋಗಿ.

ಹಂತ 2: ಆ ಬಸ್ಸಿನಲ್ಲಿ ನೀವು ಎಲ್ಲಿ ಕೂತಿದ್ದೀರಿ?

ಈ ಹಂತವೇ ಎಲ್ಲಕ್ಕಿಂತ ಕಷ್ಟ. ಸುಮಾರು ಜನ ಇದನ್ನು ಹಾರಿಸಿಬಿಡುತ್ತಾರೆ.

ಕತೆ ಓದುವಾಗ ನಾವು ತಾನಾಗೇ ನಾಯಕರ ಜಾಗದಲ್ಲಿ ಕೂರುತ್ತೇವೆ. ನಾನು ರೋಸಾ ಪಾರ್ಕ್ಸ್ ಅಂದುಕೊಳ್ಳುತ್ತೇವೆ. ಆದರೆ ಆ ಬಸ್ಸಿನಲ್ಲಿ 36 ಸೀಟಿದ್ದವು. ಆ ಸಂಜೆ ನಿಂತಿದ್ದವನು ಒಬ್ಬ ಬಿಳಿಯ. ಬಿಳಿಯ ಕೂತ ಸಾಲಿನಲ್ಲಿ ಕಪ್ಪುಜನ ಕೂರುವಂತಿರಲಿಲ್ಲ, ಹಾಗಾಗಿ ಅವನೊಬ್ಬನಿಗೆ ಜಾಗ ಮಾಡಲು ಒಂದೇ ಸಾಲಿನ ನಾಲ್ಕು ಕಪ್ಪುಜನರನ್ನು ಏಳಿಸಬೇಕಿತ್ತು. ಮೂವರು ಎದ್ದರು. ಮುಂದಿನ ಸೀಟುಗಳಲ್ಲಿದ್ದ ಬಿಳಿಯರು ನೋಡುತ್ತಾ ಕೂತಿದ್ದರು. ಡ್ರೈವರ್ ತಾನು ನಿಯಮ ಪಾಲಿಸುತ್ತಿದ್ದೇನೆ ಅಂದುಕೊಂಡಿದ್ದ. ಬಂಧಿಸಲು ಬಂದ ಪೊಲೀಸರದ್ದೂ ಅದೇ ಮಾತು.

ಬಸ್ಸಿನ ಒಂದು ನಕ್ಷೆ ಬರೆಯಿರಿ. ಕಳೆದ ಒಂದು ವರ್ಷದಲ್ಲಿ ನಿಮ್ಮ ಮುಂದೆ ಯಾರಿಗಾದರೂ ಅವಮಾನವಾದ ಮೂರು ಸಂದರ್ಭ ನೆನಪು ಮಾಡಿಕೊಳ್ಳಿ. ಪ್ರತಿಯೊಂದರಲ್ಲೂ ನೀವು ಯಾವ ಸೀಟಿನಲ್ಲಿದ್ದಿರಿ ಎಂದು ಗುರುತು ಹಾಕಿ. ಎದ್ದು ಜಾಗ ಬಿಟ್ಟವರಾ? ಕಿಟಕಿಯಾಚೆ ನೋಡಿದವರಾ? ಡ್ರೈವರಾ? ಸೀಟು ಸಿಗುವುದನ್ನು ಕಾಯುತ್ತಾ ನಿಂತವರಾ? ಆ ನಿಂತವನು ಏನೂ ಕೇಳಲಿಲ್ಲ, ಯಾರನ್ನೂ ಬೈಯಲಿಲ್ಲ. ಅವನಿಗೋಸ್ಕರ ಬೇರೆಯವರು ಎಲ್ಲ ಮಾಡಿದರು. ನಮ್ಮಲ್ಲಿ ತುಂಬಾ ಜನ ಅವನೇ.

ಕನ್ನಡದವರಿಗೆ ಈ ನಕ್ಷೆ ಬರೆಯಲು ಅಲಬಾಮಾಕ್ಕೆ ಹೋಗಬೇಕಿಲ್ಲ. ಮನೆಕೆಲಸದವರಿಗೆ ಬೇರೆ ಲೋಟ, ಬಾಡಿಗೆ ಮನೆ ಕೇಳಿ ಬಂದವರ ಅಡ್ಡಹೆಸರು ವಿಚಾರಿಸುವುದು, ಹೊಸ ಸೊಸೆಯ ಬಣ್ಣದ ಬಗ್ಗೆ ಮದುವೆ ಮನೆಯ ಮಾತು. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನಲ್ಲೇ ತಾಂಜಾನಿಯಾದ ಒಬ್ಬ ವಿದ್ಯಾರ್ಥಿನಿಯ ಮೇಲೆ ಗುಂಪೊಂದು ಹಲ್ಲೆ ಮಾಡಿತು. ಅದಕ್ಕೆ ಸ್ವಲ್ಪ ಮುಂಚೆ ಸುಡಾನ್‌ನ ವಿದ್ಯಾರ್ಥಿಯೊಬ್ಬನ ಕಾರು ಹೊಡೆದು ಮಹಿಳೆಯೊಬ್ಬರು ಸತ್ತಿದ್ದರು. ಈ ಹುಡುಗಿಗೂ ಆ ಅಪಘಾತಕ್ಕೂ ಸಂಬಂಧವೇ ಇರಲಿಲ್ಲ. ಬಣ್ಣ ಒಂದೇ ಅನ್ನುವುದು ಬಿಟ್ಟರೆ. ಇನ್ನು ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿಗಳು ಆಫ್ರಿಕಾ ಮೂಲದವರು, ತಲೆತಲಾಂತರದಿಂದ ಇಲ್ಲೇ ಇದ್ದಾರೆ, ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ ಆಡುತ್ತಾರೆ. ಆದರೂ ಅವರಿಗೆ "ನೀವು ಯಾವ ದೇಶದವರು" ಅನ್ನುವ ಪ್ರಶ್ನೆ ತಪ್ಪಿಲ್ಲ. ಫೆಬ್ರುವರಿಯಲ್ಲಿ ಕಿಂಗ್ ಫೋಟೊ ಹಾಕಿ ಮಾರ್ಚಿನಲ್ಲಿ ಈ ಪ್ರಶ್ನೆ ಕೇಳಿದರೆ, ಹೇಳೋದು ಪುರಾಣ, ತಿನ್ನೋದು ಬದನೆಕಾಯಿ.

ಕಿಂಗ್ ಅವರಿಗೇ ಈ ಸೀಟು ಹುಡುಕುವ ಕೆಲಸ ಕಷ್ಟವಾಗಿತ್ತು. 1959ರಲ್ಲಿ ಅವರು ಹೆಂಡತಿ ಕೊರೆಟಾ ಜೊತೆ ಭಾರತಕ್ಕೆ ಬಂದಿದ್ದರು. ತಿರುವನಂತಪುರದ ಒಂದು ಶಾಲೆಗೆ ಹೋದಾಗ ಮುಖ್ಯೋಪಾಧ್ಯಾಯರು ಮಕ್ಕಳಿಗೆ ಅವರ ಪರಿಚಯ ಮಾಡಿಕೊಟ್ಟರು. ಆ ಮಕ್ಕಳಲ್ಲಿ ಹೆಚ್ಚಿನವರು ಅಸ್ಪೃಶ್ಯರು ಎನಿಸಿಕೊಂಡ ಮನೆಗಳಿಂದ ಬಂದವರು. ಇವರು ಅಮೆರಿಕದಿಂದ ಬಂದ, ನಿಮ್ಮ ಹಾಗೇ ಅಸ್ಪೃಶ್ಯರು ಎಂದರಂತೆ ಅವರು. ಮೊದಲು ತನಗೆ ಆಘಾತವಾಯಿತು, ಸಿಟ್ಟೂ ಬಂತು ಎಂದು ಕಿಂಗ್ 1965ರ ಜುಲೈ 4ರ ಪ್ರವಚನದಲ್ಲಿ ಹೇಳಿಕೊಂಡರು. ಆಮೇಲೆ ತನ್ನ ಊರಿನ ಕೊಳೆಗೇರಿ, ಹಸಿವು, ಬೇರೆ ಬೇರೆ ಶಾಲೆ ಎಲ್ಲ ನೆನಪಾಗಿ, ಹೌದು, ನಾನೂ ಅಸ್ಪೃಶ್ಯನೇ ಎಂದು ಒಪ್ಪಿಕೊಂಡರಂತೆ.

ಆ ಪ್ರವಚನದಲ್ಲಿ ನನಗೆ ಹಿಡಿಸಿದ್ದು ಕೊನೆಯ ಒಪ್ಪಿಗೆಯಲ್ಲ, ಮೊದಲ ಸಿಟ್ಟನ್ನು ಮುಚ್ಚಿಡದೆ ಹೇಳಿದ್ದು. ನಿಮ್ಮ ನೋಟ್‌ಬುಕ್ಕಿನಲ್ಲೂ ಹಾಗೇ ಮಾಡಿ. ಮೊದಲು ಬಂದ ಭಾವನೆ ಬರೆಯಿರಿ, ಅದು ಎಷ್ಟೇ ಕೆಟ್ಟದ್ದಿರಲಿ. ಯೋಚನೆ ಮಾಡಿದ ಮೇಲೆ ಬಂದದ್ದು ಅದರ ಕೆಳಗೆ.

ಒಂದು ಮಾತು. ನೀವು ಆ ಬಸ್ಸಿನಲ್ಲಿ ಏಳಿಸಿಕೊಂಡವರ ಕಡೆಯವರಾದರೆ, ಈ ಲೆಕ್ಕ ಬೇರೆ. ನಿಮ್ಮ ಗುಣ ತಿದ್ದಿಕೊಳ್ಳಲು ಇನ್ನೊಂದು ಪಟ್ಟಿ ಬೇಕಿಲ್ಲ, ಜನ ಆಗಲೇ ಸಾಕಷ್ಟು ಉಪದೇಶ ಕೊಟ್ಟಿರುತ್ತಾರೆ. ನಿಮಗೆ ಈ ಇತಿಹಾಸದಿಂದ ಬೇಕಾಗುವುದು ತಂತ್ರ ಮತ್ತು ಜೊತೆಗಾರರು. 1946ರಲ್ಲಿ ಅಂಬೇಡ್ಕರ್ ಅಮೆರಿಕದ ಕಪ್ಪು ಚಿಂತಕ ಡುಬಾಯ್ಸ್ ಅವರಿಗೆ ಪತ್ರ ಬರೆದದ್ದು ಅದಕ್ಕೇ. ಅಲ್ಲಿನ ಕಪ್ಪುಜನ ವಿಶ್ವಸಂಸ್ಥೆಗೆ ಸಲ್ಲಿಸುವ ಮನವಿಯ ಪ್ರತಿ ಬೇಕು ಎಂದು ಕೇಳಿದ್ದರು. ನೀವು ಸೀದಾ ನಾಲ್ಕನೇ ಹಂತಕ್ಕೆ ಹೋಗಬಹುದು.

ಹಂತ 3: ಕಣ್ಣಿಗೆ ಕಾಣುವ ನಿಯಮ ಬರೆಯಿರಿ

ಪಾರ್ಕ್ಸ್ ಬಂಧನವಾದ ಮೇಲೆ ಮಾಂಟ್ಗೊಮರಿಯ ಕಪ್ಪುಜನ 381 ದಿನ ಬಸ್ಸು ಹತ್ತಲಿಲ್ಲ. ಕೊನೆಗೆ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. 1956ರ ಡಿಸೆಂಬರ್ 21ರಂದು ಮತ್ತೆ ಬಸ್ಸು ಹತ್ತಬೇಕು. ಅದಕ್ಕೆ ಎರಡು ದಿನ ಮುಂಚೆ ಜನರ ಕೈಗೆ ಒಂದು ಸೂಚನೆಗಳ ಹಾಳೆ ಬಂತು. ಗೆದ್ದವರಿಗೆ ಕೊಟ್ಟ ಹಾಳೆ ಅದು. ಅದರಲ್ಲಿ ಏನಿತ್ತು ಗೊತ್ತಾ? ಜಂಬ ಕೊಚ್ಚಬೇಡಿ. ಬೇರೆ ಸೀಟು ಇದ್ದರೆ ಬೇಕಂತಲೇ ಬಿಳಿಯರ ಪಕ್ಕ ಕೂರಬೇಡಿ. ಯಾರ ಪಕ್ಕ ಕೂರುವಾಗಲೂ, ಅವರು ಕಪ್ಪಿರಲಿ ಬಿಳಿ ಇರಲಿ, "ಕೂರಬಹುದಾ" ಎಂದು ಕೇಳಿ. ಬೈದರೆ ಬೈಯಬೇಡಿ. ತಳ್ಳಿದರೆ ತಳ್ಳಬೇಡಿ.

ನನಗೆ ಅದರಲ್ಲಿ ಬಹಳ ಇಷ್ಟವಾದ ಸಾಲು ಕೊನೆಯಲ್ಲಿದೆ. ಇದೆಲ್ಲ ತಡೆದುಕೊಳ್ಳಲು ಆಗಲ್ಲ ಅನ್ನಿಸಿದರೆ, ಇನ್ನೂ ಒಂದೆರಡು ವಾರ ನಡೆದುಕೊಂಡೇ ಓಡಾಡಿ ಅಂತ. ನೀನು ದುರ್ಬಲ ಅಂತ ಬೈದಿಲ್ಲ. ನಿನ್ನ ಶಕ್ತಿ ನಿನಗೆ ಗೊತ್ತಿರಲಿ ಅಂದಿದ್ದಾರೆ, ಅಷ್ಟೇ.

1963ರಲ್ಲಿ ಅಲಬಾಮಾದ ಇನ್ನೊಂದು ಊರಾದ ಬರ್ಮಿಂಗ್‌ಹ್ಯಾಮ್‌ನ ಸ್ವಯಂಸೇವಕರು ಸಹಿ ಹಾಕಬೇಕಿದ್ದ ಕಾರ್ಡಿನಲ್ಲಿ ಹತ್ತು ನಿಯಮಗಳಿದ್ದವು. ಮುಷ್ಟಿಯ ಹಿಂಸೆ ಮಾತ್ರವಲ್ಲ, ನಾಲಿಗೆಯ ಹಿಂಸೆ, ಮನಸ್ಸಿನ ಹಿಂಸೆಯೂ ಬೇಡ ಎಂದು ಒಂದು. ಗೆಳೆಯರ ಜೊತೆಗೂ ಎದುರಾಳಿಗಳ ಜೊತೆಗೂ ಸಾಮಾನ್ಯ ಸೌಜನ್ಯ ಪಾಲಿಸಬೇಕೆಂದು ಇನ್ನೊಂದು. ಮೈಯ ಆರೋಗ್ಯ ನೋಡಿಕೊಳ್ಳಬೇಕು ಅಂತಲೂ ಇತ್ತು!

ಈಗ ನಿಮ್ಮದು. ಐದಾರು ನಿಯಮಕ್ಕಿಂತ ಜಾಸ್ತಿ ಬೇಡ. ಪ್ರತಿಯೊಂದಕ್ಕೂ ಒಂದೇ ಪರೀಕ್ಷೆ: ಪಕ್ಕದಲ್ಲಿ ನಿಂತವರಿಗೆ ನೀವು ಪಾಲಿಸಿದ್ದು ಅಥವಾ ಬಿಟ್ಟದ್ದು ಕಣ್ಣಿಗೆ ಕಾಣಬೇಕು. "ಎಲ್ಲರನ್ನೂ ಗೌರವಿಸುತ್ತೇನೆ" ಎಂದು ಬರೆದಿದ್ದರೆ ಹೊಡೆದು ಹಾಕಿ. "ಮನೆಕೆಲಸಕ್ಕೆ ಬರುವವರಿಗೆ ನಾವು ಕುಡಿಯುವ ಲೋಟದಲ್ಲೇ ಕಾಫಿ, ನಮ್ಮ ಜೊತೆಯೇ ಕುರ್ಚಿ" ಎಂದು ಬರೆಯಿರಿ. "ಆಫೀಸಿನಲ್ಲಿ ಯಾರದ್ದಾದರೂ ಉಚ್ಚಾರಣೆಗೆ ನಗು ಬಂದಾಗ ನಾನು ನಗುವುದಿಲ್ಲ." "ಡೆಲಿವರಿಗೆ ಬಂದವರಿಗೆ ಏಕವಚನ ಬೇಡ." "ಸಿಟ್ಟು ಬಂದಾಗ ಬರೆದ ಮೆಸೇಜು ಬೆಳಿಗ್ಗೆವರೆಗೆ ಕಳಿಸುವುದಿಲ್ಲ." ಹೀಗೆ ಸಣ್ಣಸಣ್ಣದು. ಮಾಂಟ್ಗೊಮರಿಯ ಹಾಳೆಯಲ್ಲಿದ್ದದ್ದೂ ಅಷ್ಟೇ ಸಣ್ಣದು.

ಕೊನೆಗೆ ಒಂದು "ಇನ್ನೊಂದು ವಾರ ನಡೆಯುತ್ತೇನೆ" ಸಾಲು ಸೇರಿಸಿ. ಯಾವ ನಿಯಮ ನಿಮಗೆ ಈಗ ಆಗುವುದಿಲ್ಲವೋ ಅದನ್ನು ಅಲ್ಲಿ ಬರೆದಿಡಿ.

ಹಂತ 4: ತಾಲೀಮು

ನಿಯಮ ಬರೆಯುವುದು ಸುಲಭ. ಚಿಕ್ಕಪ್ಪ ಊಟದ ಪಂಕ್ತಿಯಲ್ಲಿ ಜಾತಿ ಜೋಕು ಹೊಡೆದಾಗ ಬಾಯಿ ಒಣಗುತ್ತದೆ. ಇದಕ್ಕೇ ತಾಲೀಮು ಬೇಕು.

ಇಲ್ಲಿ ನಮ್ಮ ದೇಶದ ಜೊತೆ ಒಂದು ನಿಜವಾದ ನಂಟಿದೆ. ಜೇಮ್ಸ್ ಲಾಸನ್ ಎಂಬ ಯುವಕ ಕೊರಿಯಾ ಯುದ್ಧದ ಹೊತ್ತಿನಲ್ಲಿ ಸೈನ್ಯಕ್ಕೆ ಸೇರಲ್ಲ ಎಂದು ಜೈಲಿಗೆ ಹೋದವರು. ಬಿಡುಗಡೆಯಾದ ಮೇಲೆ 1953ರಲ್ಲಿ ಮಿಷನರಿಯಾಗಿ ನಾಗಪುರಕ್ಕೆ ಬಂದರು. ಅಲ್ಲಿನ ಹಿಸ್ಲಾಪ್ ಕಾಲೇಜಿನಲ್ಲಿದ್ದು ಗಾಂಧಿಯ ಸತ್ಯಾಗ್ರಹದ ಬಗ್ಗೆ ತಿಳಿದುಕೊಂಡರು. ಮಾಂಟ್ಗೊಮರಿಯ ಬಸ್ ಬಹಿಷ್ಕಾರದ ಸುದ್ದಿ ಅವರು ಓದಿದ್ದೇ ನಾಗಪುರದ ಪತ್ರಿಕೆಯಲ್ಲಿ. ವಾಪಸ್ ಹೋದ ಮೇಲೆ ಕಿಂಗ್ ಅವರ ಒತ್ತಾಯಕ್ಕೆ ದಕ್ಷಿಣದ ನ್ಯಾಶ್‌ವಿಲ್‌ಗೆ ಬಂದರು. 1959ರಲ್ಲಿ ಚರ್ಚೊಂದರ ನೆಲಮಾಳಿಗೆಯಲ್ಲಿ ವಿದ್ಯಾರ್ಥಿಗಳಿಗೆ ತರಬೇತಿ ಕೊಟ್ಟರು.

ಆ ತರಬೇತಿ ಉಪನ್ಯಾಸ ಅಲ್ಲ, ನಾಟಕ. ಕೆಲವರು ಹೋಟೆಲಿನ ಕೌಂಟರಿನಲ್ಲಿ ಕೂತ ಹಾಗೆ ಕೂರುತ್ತಿದ್ದರು. ಉಳಿದವರು ಸುತ್ತ ನಿಂತು ಬೈಯುತ್ತಿದ್ದರು, ಕುರ್ಚಿ ಎಳೆಯುತ್ತಿದ್ದರು, ಮುಖಕ್ಕೆ ಸಿಗರೇಟ್ ಹೊಗೆ ಬಿಡುತ್ತಿದ್ದರು. ಆಮೇಲೆ ಪಾತ್ರ ಅದಲು ಬದಲು. ಕೊನೆಗೆ ಕೂತು ಮಾತು: ಯಾವ ಕ್ಷಣದಲ್ಲಿ ಕೈ ಎತ್ತಬೇಕು ಅನ್ನಿಸಿತು? ಯಾಕೆ? ಅಲ್ಲಿದ್ದ ಡಯಾನ್ ನ್ಯಾಶ್, ಜಾನ್ ಲೂಯಿಸ್, ಬರ್ನಾರ್ಡ್ ಲಫಯೆಟ್ ಆಗಿನ್ನೂ ಕಾಲೇಜು ಹುಡುಗ-ಹುಡುಗಿಯರು. 1960ರ ಫೆಬ್ರುವರಿ 13ರಂದು ಅವರು ಅಂಗಡಿಗಳಲ್ಲಿ ಬಿಳಿಯರಿಗೆ ಮಾತ್ರ ಊಟ ಕೊಡುತ್ತಿದ್ದ ನಿಜವಾದ ಕೌಂಟರುಗಳಲ್ಲಿ ಹೋಗಿ ಕೂತರು. ಅದೇ ತಿಂಗಳು 27ರಂದು ಅವರಿಗೆ ಹೊಡೆತ ಬಿತ್ತು. ಹೊಡೆದವರನ್ನು ಬಿಟ್ಟು, ಏಟು ತಿಂದ ಕಡೆಯವರಲ್ಲಿ ಸುಮಾರು 80 ಜನರನ್ನು ಪೊಲೀಸರು ಒಯ್ದರು. ಅವರ ಕೈಯಲ್ಲಿದ್ದ ಹಾಳೆಯಲ್ಲೂ ಸಣ್ಣ ಸೂಚನೆಗಳೇ: ನೆಟ್ಟಗೆ ಕೂತುಕೊಳ್ಳಿ, ಮುಖ ಕೌಂಟರ್ ಕಡೆಗಿರಲಿ, ಬಾಗಿಲಿಗೆ ಅಡ್ಡ ನಿಲ್ಲಬೇಡಿ.

ನೀವು ಮಾಡಬೇಕಾದ್ದು ಇದು. ಗೆಳೆಯರನ್ನು ಕರೆದು ನಿಮ್ಮ ನಕ್ಷೆಯಲ್ಲಿದ್ದ ಒಂದು ಸಂದರ್ಭ ಆರಿಸಿ. ಮದುವೆ ಮನೆಯ ಜೋಕು ಅಂತಲೇ ಇಟ್ಟುಕೊಳ್ಳಿ. ಗೆಳೆಯ ಚಿಕ್ಕಪ್ಪ, ನೀವು ನೀವೇ. ಗೆಳೆಯ ನಿಜಕ್ಕೂ ಜೋಕು ಹೊಡೆಯಬೇಕು, "ನಿನಗೆ ಸ್ವಲ್ಪವೂ ತಮಾಷೆ ಗೊತ್ತಾಗಲ್ಲ" ಎಂದು ಮೇಲೆ ಬೀಳಬೇಕು. ಹತ್ತು ನಿಮಿಷ ಸಾಕು. ಮೊದಲ ಸಲ ನಿಮಗೆ ನಗು ಬರುತ್ತದೆ, ಎರಡನೇ ಸಲ ಸಿಟ್ಟು. ಮೂರನೇ ಸಲ ಏನಾದರೂ ಹೇಳಲು ಬರಬಹುದು. ಆಮೇಲೆ ಪಾತ್ರ ಬದಲಿಸಿ. ನೀವು ಚಿಕ್ಕಪ್ಪನಾದಾಗ ಆ ಜೋಕು ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ ನೋಡಿಕೊಳ್ಳಿ. ಇದೊಂದೇ ಸಾಕು ಒಂದು ವಾರ ಯೋಚನೆಗೆ.

ಹೇಳುವುದೇನು ಅನ್ನುವುದಕ್ಕೆ ಡಯಾನ್ ನ್ಯಾಶ್ ಅವರಿಂದ ಕಲಿಯಬಹುದು. 1960ರ ಏಪ್ರಿಲ್ 19ರ ಬೆಳಿಗ್ಗೆ ವಿದ್ಯಾರ್ಥಿಗಳ ಪರ ವಕೀಲರಾದ ಅಲೆಕ್ಸಾಂಡರ್ ಲೂಬಿ ಅವರ ಮನೆಗೆ ಬಾಂಬ್ ಬಿತ್ತು. ಸಾವಿರಾರು ಜನ ಬಾಯಿಬಿಡದೆ ನಗರಸಭೆಯವರೆಗೆ ನಡೆದರು. ಮೆಟ್ಟಿಲ ಮೇಲೆ ಮೇಯರ್ ಬೆನ್ ವೆಸ್ಟ್. ಅವತ್ತು ಬಾಯಿಗೆ ಬಂದ ಹಾಗೆ ಬೈಯಬಹುದಿತ್ತು. 21 ವರ್ಷದ ನ್ಯಾಶ್ ಕೇಳಿದ್ದು ಒಂದು ಪ್ರಶ್ನೆ. ಬರೀ ಬಣ್ಣದ ಕಾರಣಕ್ಕೆ ಒಬ್ಬ ಮನುಷ್ಯನಿಗೆ ಭೇದ ಮಾಡುವುದು ತಪ್ಪು ಅಂತ ನಿಮಗೆ ಅನ್ನಿಸುತ್ತದೆಯೇ? ಮೇಯರ್ ಆಗಿ ಅಲ್ಲ, ಮನುಷ್ಯನಾಗಿ ಉತ್ತರಿಸಬೇಕಾಯಿತು ಅವರು. ಹೌದು, ತಪ್ಪು ಎಂದರು. ಮೇ 10ರಂದು ಆರು ಅಂಗಡಿಗಳ ಕೌಂಟರುಗಳು ಕಪ್ಪುಜನರಿಗೂ ತೆರೆದವು.

ನಿಮ್ಮ ಆರೋಪವನ್ನು ಅಂಥದೊಂದು ಪ್ರಶ್ನೆ ಮಾಡಿ. "ನೀವು ಜಾತಿವಾದಿ" ಅಂದರೆ ಚಿಕ್ಕಪ್ಪ ಎದ್ದು ಹೋಗುತ್ತಾರೆ. "ಈ ಜೋಕು ಅವರ ಮಗಳ ಮುಂದೆ ಹೇಳ್ತೀರಾ?" ಅಂದರೆ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಸುಮ್ಮನಾಗದೆಯೂ ಇರಬಹುದು. ನ್ಯಾಶ್ ಅವರ ಹಿಂದೆ ಆವತ್ತು ಸಾವಿರಾರು ಜನ, ವಾರಗಟ್ಟಲೆ ಅಂಗಡಿ ಬಹಿಷ್ಕಾರ ಇತ್ತು ಅನ್ನುವುದನ್ನು ಮರೆಯಬಾರದು. ಪ್ರಶ್ನೆಯೊಂದೇ ಕೆಲಸ ಮಾಡಿದ್ದಲ್ಲ.

ಹಂತ 5: ಹಿಂದಿನ ಕೋಣೆಯ ಕೆಲಸ ಒಂದು

ಬರ್ಮಿಂಗ್‌ಹ್ಯಾಮ್ ಕಾರ್ಡಿನ ಕೆಳಗೆ ಇನ್ನೊಂದು ಪಟ್ಟಿ ಇತ್ತು. ಮೆರವಣಿಗೆ ಬಿಟ್ಟು ಬೇರೆ ಏನು ಮಾಡಬಲ್ಲಿರಿ, ಗುರುತು ಹಾಕಿ ಅಂತ. ಅಡುಗೆ, ಕಾರು ಓಡಿಸುವುದು, ಫೋನು ಎತ್ತುವುದು, ಟೈಪಿಂಗ್, ಕರಪತ್ರ ಹಂಚುವುದು. ಮಾಂಟ್ಗೊಮರಿಯಲ್ಲಿ ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯವರು ಹೆಂಗಸರ ಗುಂಪು ಕಟ್ಟಿ ಊಟ, ಕೇಕು, ಪೈ ಮಾರಿ ಬಹಿಷ್ಕಾರಕ್ಕೆ ದುಡ್ಡು ಕೂಡಿಸಿದರು. ಗುಂಪಿಗೆ ಇಟ್ಟ ಹೆಸರು "ಎಲ್ಲಿಂದಲೂ ಅಲ್ಲದ ಕ್ಲಬ್ಬು". ದುಡ್ಡು ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ಎಲ್ಲಿಂದಲೂ ಇಲ್ಲ ಅನ್ನಬಹುದಲ್ಲ! ಕೊಟ್ಟವರ ಕೆಲಸ ಹೋಗಬಾರದು ಅನ್ನುವ ಉಪಾಯ ಅದು. ಗಿಲ್ಮೋರ್ ಅವರ ಸ್ವಂತ ಕೆಲಸ ಮಾತ್ರ ಹೋಯಿತು.

ಒಂದು ತಿಂಗಳು ಇಂಥ ಒಂದು ಕೆಲಸ ಹಿಡಿಯಿರಿ. ಹೆಸರು ಬೇಡ, ಫೋಟೊ ಬೇಡ, ಸ್ಟೇಟಸ್ ಬೇಡ. ಯಾರದೋ ಅರ್ಜಿ ತುಂಬಿಸಿಕೊಡುವುದು, ಯಾರನ್ನೋ ಆಸ್ಪತ್ರೆಗೆ ಬಿಡುವುದು. ಹೇಳಿಕೊಳ್ಳಬೇಕು ಅನ್ನಿಸಿದಾಗಲೆಲ್ಲ ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಎಳೆಯಿರಿ. ತಿಂಗಳ ಕೊನೆಗೆ ಗೆರೆ ಎಣಿಸಿ.

ಹಂತ 6: ಹೀರೋಗಳ ಕಲೆಗಳನ್ನೂ ಓದಿ

ಕ್ಲಾಡೆಟ್ ಕಾಲ್ವಿನ್ ಅವರನ್ನು ನಾಯಕರು ಮುಂದಿಡಲಿಲ್ಲ. ಚಿಕ್ಕ ಹುಡುಗಿ, ಬಡ ಮನೆ, ಆಮೇಲೆ ಮದುವೆಯಿಲ್ಲದೆ ಬಸುರಾದಳು. ಆದರೆ ಬಸ್ ಕಾನೂನನ್ನು ಉರುಳಿಸಿದ ಮೊಕದ್ದಮೆಯ ಫಿರ್ಯಾದಿಗಳಲ್ಲಿ ಆಕೆಯೂ ಒಬ್ಬಳು. ಪಾರ್ಕ್ಸ್ ಹೆಸರು ಅದರಲ್ಲಿಲ್ಲ. 1963ರ ವಾಷಿಂಗ್ಟನ್ ಮೆರವಣಿಗೆಯನ್ನು ಕಟ್ಟಿ ನಿಲ್ಲಿಸಿದ ಬಯಾರ್ಡ್ ರಸ್ಟಿನ್ ಸಲಿಂಗಿ. ಆ ಕಾರಣಕ್ಕೆ ಸ್ವಂತ ಚಳವಳಿಯವರೇ ಅವರನ್ನು ವರ್ಷಗಟ್ಟಲೆ ಹಿಂದೆ ಸರಿಸಿದ್ದರು. ಅದೇ ದಿನ ಹೆಂಗಸರಿಗೆ ಮುಖ್ಯ ಭಾಷಣದ ಅವಕಾಶ ಸಿಗಲಿಲ್ಲ. ಕಿಂಗ್ ಅವರ ವೈವಾಹಿಕ ಜೀವನದಲ್ಲೂ ಬಿರುಕುಗಳಿದ್ದವು.

ಇದನ್ನೆಲ್ಲ ಓದಿ ಎರಡು ತಪ್ಪು ಮಾಡಬಹುದು. ಒಂದು, "ಅವರೂ ಅಷ್ಟೇ" ಎಂದು ಪುಸ್ತಕ ಮುಚ್ಚುವುದು. ಇನ್ನೊಂದು, ಕಲೆಯೇ ಇಲ್ಲ ಎಂದು ವಾದಿಸುವುದು. ನೀವು ಬರೆಯಬೇಕಾದ ಪ್ರಶ್ನೆ ಬೇರೆ: ನನ್ನ ಗುಂಪಿನ ಮರ್ಯಾದೆಗೋಸ್ಕರ ನಾನು ಯಾರನ್ನು ಹಿಂದಿನ ಸಾಲಿಗೆ ಕಳಿಸಿದ್ದೇನೆ?

ಮಾಲ್ಕಮ್ ಎಕ್ಸ್ ಅವರನ್ನೂ ಇಲ್ಲಿ ಓದಿ. ವರ್ಷಗಟ್ಟಲೆ ಬಿಳಿಯರೆಲ್ಲ ದೆವ್ವಗಳು ಎಂದು ಸಾರಿದ ಮನುಷ್ಯ. 1964ರ ಏಪ್ರಿಲ್‌ನಲ್ಲಿ ಹಜ್‌ಗೆ ಹೋದಾಗ ಎಲ್ಲ ಬಣ್ಣದವರ ಜೊತೆ ಒಂದೇ ತಟ್ಟೆಯಲ್ಲಿ ಉಂಡು, ಮೆಕ್ಕಾದಿಂದ ಪತ್ರ ಬರೆದು ತಮ್ಮ ಮಾತನ್ನು ಬದಲಾಯಿಸಿದರು. ಬಹಿರಂಗವಾಗಿ, ಹಳೇ ಸಂಗಾತಿಗಳ ದ್ವೇಷ ಕಟ್ಟಿಕೊಂಡು. ಮುಂದಿನ ಫೆಬ್ರುವರಿ 21ರಂದು ಕೊಲೆಯಾದಾಗ ಅವರಿಗೆ 39. ಜನಾಂಗಭೇದದ ಮೇಲಿನ ಅವರ ಸಿಟ್ಟು ಕಡಿಮೆಯಾಗಿರಲಿಲ್ಲ, ಸಿಟ್ಟಿನ ಗುರಿ ಸರಿಯಾಯಿತು. ಕಳೆದ ಐದು ವರ್ಷದಲ್ಲಿ ನಾಲ್ಕು ಜನರ ಮುಂದೆ ನೀವು ಬದಲಾಯಿಸಿಕೊಂಡ ಒಂದು ಅಭಿಪ್ರಾಯ ಬರೆಯಿರಿ. ಖಾಲಿ ಉಳಿದರೆ ಖಾಲಿ ಬಿಡಿ, ಸುಮ್ನೆ ತುಂಬಿಸಬೇಡಿ.

ಹಂತ 7: ಭಾನುವಾರದ ಪರಿಶೀಲನೆ

ವಾರಕ್ಕೊಮ್ಮೆ ಗೆಳೆಯರ ಜೊತೆ ಅರ್ಧ ಗಂಟೆ ಕೂತು ನಿಯಮಗಳ ಪಟ್ಟಿ ನೋಡಿ. ಪಾಲಿಸಿದ್ದಕ್ಕೆ ಟಿಕ್, ಬಿಟ್ಟದ್ದಕ್ಕೆ ದಿನಾಂಕ. ವಿವರಣೆ ಬೇಡ, ಕಾರಣ ಬೇಡ.

ಇಲ್ಲಿ ಒಂದು ತೊಡಕು ಬಂದೇ ಬರುತ್ತದೆ. ಗೆಳೆಯರು ಹೇಳುತ್ತಾರೆ, ನೀನು ಅತಿ ಮಾಡ್ತಿದ್ದೀಯ, ಸ್ವಲ್ಪ ತಗ್ಗು ಅಂತ. ತಗ್ಗಬೇಕಾ ಬೇಡವಾ? ಜಾನ್ ಲೂಯಿಸ್ ಅವರ 1963ರ ಆಗಸ್ಟ್ 28 ನೋಡಿ. ವಯಸ್ಸು 23. ಅವತ್ತಿನ ಭಾಷಣಕಾರರಲ್ಲಿ ಎಲ್ಲರಿಗಿಂತ ಚಿಕ್ಕವರು. ಅವರ ಭಾಷಣದ ಕರಡಿನಲ್ಲಿ ಸರ್ಕಾರದ ನಾಗರಿಕ ಹಕ್ಕುಗಳ ಮಸೂದೆಯನ್ನು ಬೆಂಬಲಿಸುವುದಿಲ್ಲ ಎಂದಿತ್ತು. ಅಂತರ್ಯುದ್ಧದಲ್ಲಿ ದಕ್ಷಿಣವನ್ನು ಸುಟ್ಟ ಶೆರ್ಮನ್ ಸೇನಾನಿಯ ಹಾಗೆ ನಡೆದುಹೋಗುತ್ತೇವೆ ಎಂಬ ಮಾತೂ ಇತ್ತು. ಹಿರಿಯರು ಗಾಬರಿಯಾದರು. ಲಿಂಕನ್ ಸ್ಮಾರಕದಲ್ಲೇ, ಕಾರ್ಯಕ್ರಮ ನಡೆಯುತ್ತಿರುವಾಗಲೇ ಜಗಳ. 74 ವರ್ಷದ ಫಿಲಿಪ್ ರ‍್ಯಾಂಡಾಲ್ಫ್ ಬಂದು ಕೇಳಿಕೊಂಡರು. 1941ರಿಂದ ಈ ಮೆರವಣಿಗೆಯ ಕನಸು ಕಂಡವರು ಅವರು. ಲೂಯಿಸ್ ತಿದ್ದಿದರು. ಶೆರ್ಮನ್ ಹೋದ. ಮಸೂದೆಗೆ ಬೆಂಬಲ ಇದೆ, ಆದರೆ ದೊಡ್ಡ ಆಕ್ಷೇಪಗಳಿವೆ ಎಂದಾಯಿತು. ಮಸೂದೆಯಲ್ಲಿ ಪೊಲೀಸ್ ದೌರ್ಜನ್ಯದಿಂದ ರಕ್ಷಣೆ ಇಲ್ಲ ಅನ್ನುವ ದೂರು ಮಾತ್ರ ಹಾಗೇ ಉಳಿಯಿತು. ತಿದ್ದಿದ ಮೇಲೂ ಅವತ್ತಿನ ಅತಿ ಖಾರದ ಭಾಷಣ ಅದೇ.

ಅದೇ ವರ್ಷದ ಏಪ್ರಿಲ್‌ನಲ್ಲಿ ಕಿಂಗ್ ಬರ್ಮಿಂಗ್‌ಹ್ಯಾಮ್ ಜೈಲಿನಲ್ಲಿದ್ದಾಗ ಎಂಟು ಬಿಳಿಯ ಧರ್ಮಗುರುಗಳು, ಸ್ವಲ್ಪ ಕಾಯಿರಿ ಎಂದು ಪತ್ರಿಕೆಯಲ್ಲಿ ಹೇಳಿಕೆ ಕೊಟ್ಟಿದ್ದರು. ಕಿಂಗ್ ತಗ್ಗಲಿಲ್ಲ. ಪತ್ರಿಕೆಯ ಅಂಚಿನ ಖಾಲಿ ಜಾಗದಲ್ಲೇ ಉತ್ತರ ಬರೆಯಲು ಶುರು ಮಾಡಿದರು.

ಇಬ್ಬರಿಗೂ ತಗ್ಗು ಅಂದದ್ದು ಒಂದೇ ಮಾತು, ಅಂದವರು ಬೇರೆ. ರ‍್ಯಾಂಡಾಲ್ಫ್ ಆ ಹೋರಾಟಕ್ಕೆ ಜೀವ ಸವೆಸಿದವರು. ಧರ್ಮಗುರುಗಳಿಗೆ ಕಾಯುವುದರಿಂದ ಏನೂ ನಷ್ಟವಿರಲಿಲ್ಲ. ಹಾಗಾಗಿ ಯಾರಾದರೂ ತಗ್ಗು ಅಂದಾಗ ನೋಟ್‌ಬುಕ್ಕಿನಲ್ಲಿ ಅವರ ಹೆಸರು ಬರೆದು, ಪಕ್ಕದಲ್ಲಿ ಕಾಯುವುದರಿಂದ ಅವರಿಗೆ ಏನು ಹೋಗುತ್ತದೆ ಎಂದು ಬರೆಯಿರಿ. ಆಮೇಲೆ ನಿರ್ಧರಿಸಿ.

ಎರಡನೇ ತಿಂಗಳು ಮಾಡುವ ಮನಸ್ಸಿದ್ದರೆ ಇಬ್ಬರಿದ್ದವರು ನಾಲ್ವರಾಗಿ. ಹೊಸಬರಲ್ಲಿ ಒಬ್ಬರಾದರೂ ನಿಮ್ಮ ಜಾತಿ, ನಿಮ್ಮ ವಯಸ್ಸು, ನಿಮ್ಮ ಸಂಬಳದವರಲ್ಲದಿರಲಿ. ಅವರ ಕೈಗೆ ಮೊದಲು ಕೊಡಬೇಕಾದ್ದು ನಿಮ್ಮ ಬಸ್ಸಿನ ನಕ್ಷೆ. ನೀವು ಗುರುತು ಹಾಕಿದ ಸೀಟು ಸರಿಯಿದೆಯಾ ಎಂದು ಅವರು ನೋಡಿ ಹೇಳಲಿ.